ಆರೂ ಕಾಲರ ಸದ್ದು

ಮಷೀನಿನ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ್ದೆನೋ ಇಲ್ಲವೋ? ತಲೆಗೆ ನೆನಪಿಲ್ಲದಿದ್ದರೂ ಬೆರಳಿಗೆ ನೆನಪಿರಬಹುದು ಅಂದುಕೊಂಡು ಹೆಬ್ಬೆರಳನ್ನೂ ತೋರುಬೆರಳನ್ನೂ ಗಾಳಿಯಲ್ಲಿ ತಿರುಗಿಸಿ ನೋಡಿದೆ. ಬೆರಳಿಗೂ ಏನೂ ನೆನಪಿರಲಿಲ್ಲ. ಹಾಲಿನ ಶಿವಬಾಯಿ ಬಾಗಿಲಲ್ಲಿ ನಿಂತು ಪಾತ್ರೆ ತರಲು ಕೂಗಿದ್ದು ನೆನಪಿದೆ. ಮಷೀನಿನ ಮೇಲೆ ಕೌದಿಯ ಹೊದಿಕೆ ಎಳೆದದ್ದು ನೆನಪಿದೆ. ಇವೆರಡರ ನಡುವೆ ಒಂದು ಸಣ್ಣ ಕೆಲಸ ನಡೆದಿರಬೇಕು, ಅಥವಾ ನಡೆದೇ ಇಲ್ಲ. ಅಡುಗೆಮನೆಯಲ್ಲಿ ಅಕ್ಕ ಅದೇ ಗುಂಡಿಯನ್ನು ಮೂರನೆಯ ಸಲ ತಿರುಗಿಸುತ್ತಿದ್ದಳು. ನಾನು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಅರ್ಧ ಗಂಟೆಯಿಂದ ಅದೇ ಪುಟ.

"ಭದ್ರೂ, ಬಾ ಇಲ್ಲಿ. ಇದು ತಿರಗವಲ್ದು" ಎಂದು ಅವಳು ಕೂಗಿದಳು.

ಹೋದೆ. ಹಿಟ್ಟು ನಾದುವ ಮಷೀನು ಪೂರ್ವದ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಎಂದಿನಂತೆ ಕುತ್ತಿಗೆ ಬಾಗಿಸಿಕೊಂಡು ನಿಂತಿತ್ತು. ಬೋಗುಣಿಯಲ್ಲಿ ಎರಡು ಕಿಲೋ ಮೈದಾ, ಸಕ್ಕರೆ, ಹಾಲು, ಈಸ್ಟು. ಆ ಬಿಳಿ ಗುಡ್ಡದೊಳಗೆ ಕಬ್ಬಿಣದ ಕೊಕ್ಕೆ ಇಳಿಬಿದ್ದು ಅಲ್ಲಾಡದೆ ಇತ್ತು. ಅಕ್ಕ ಗುಂಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ತೋರಿಸಿದಳು. ಅದರ ಸುತ್ತಲಿನ ಅಂಕಿಗಳು ಅಳಿಸಿಹೋಗಿ ವರ್ಷಗಳಾಗಿದ್ದವು. ಮೊದಲು ಎಡಕ್ಕೆ ತಿರುಗಿಸಿ ಸೊನ್ನೆ ಹುಡುಕಿ, ಆಮೇಲೆ ಬಲಕ್ಕೆ ತಿರುಗಿಸುವುದು ಅವಳ ರೂಢಿ. ಗುಂಡಿ ಬೆಳಗಿನಿಂದ ಎಲ್ಲಿ ನಿಂತಿತ್ತು ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ಆ ರೂಢಿಯಲ್ಲಿ ಅಳಿಸಿಹೋಗಿತ್ತು.

ಮಷೀನಿನ ಪ್ಲಗ್ಗು ಕಿತ್ತು ಅಲ್ಲಿಗೆ ಇಸ್ತ್ರಿ ಪೆಟ್ಟಿಗೆಯದನ್ನು ಸಿಕ್ಕಿಸಿದಳು. ಇಸ್ತ್ರಿಯ ಕೆಂಪು ದೀಪ ಹತ್ತಿತು. "ಕರೆಂಟ್ ಐತಿ." ಮಷೀನಿನ ತಲೆ ಎತ್ತಿ ಇಳಿಸಿ, ಅದರ ಚಿಲಕ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದಳು. ಕೂತಿತ್ತು. ಕೊನೆಗೆ ಅಂಗೈಯನ್ನು ಅದರ ಬೆನ್ನಿನ ಮೇಲಿಟ್ಟು ಕಣ್ಣು ಮುಚ್ಚಿದಳು. "ಒಳಗ ಒಂದೀಟೂ ನಡಗವಲ್ದು. ಮೈ ಮಾತ್ರ ಬಿಸಿ ಐತಿ. ಈ ಬಿಸಲು ನೋಡು, ಎಂಟೂವರಿಗೇ ಹಿಂಗ." ನಾನು ಕಿಟಕಿಯ ಕಡೆ ನೋಡಿದೆ. ಬಿಸಿಲು ನಿಜವಾಗಿಯೂ ಮಷೀನಿನ ಮೇಲೆಯೇ ಬಿದ್ದಿತ್ತು. ಅದಕ್ಕೆ ನಾನು ಕೃತಜ್ಞನಾದೆ. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

ಬೇರೆ ಊರುಗಳಲ್ಲಿ ಮಷೀನು ನಿಂತರೆ ಜನ ಮೊದಲು ಕಿವಿಗೊಡುತ್ತಾರಂತೆ. ಗುಂಯ್ ಎನ್ನುತ್ತಿದ್ದರೆ ಮೋಟರಿಗೆ ಜೀವವಿದೆ, ಬೇರೆಲ್ಲೋ ಸಿಕ್ಕಿಕೊಂಡಿದೆ. ಏನೂ ಅನ್ನದಿದ್ದರೆ ಮೋಟರೇ ಸತ್ತಿದೆ. ನಮ್ಮ ಊರಿನಲ್ಲಿ ಅದು ಆಗುವ ಮಾತಲ್ಲ. ಇಲ್ಲಿ ಯಂತ್ರಗಳ ಸದ್ದು ಒಂದು ಜಾವ ತಡವಾಗಿ ಬರುತ್ತದೆ. ಮೂರು ಗಂಟೆ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಮನುಷ್ಯರ ಮಾತು, ನಾಯಿಯ ಬೊಗಳು, ತಾಟು ಬಿದ್ದ ಸದ್ದು ಎಲ್ಲವೂ ಆಗಿಂದಾಗಲೇ ಕೇಳುತ್ತವೆ. ಯಂತ್ರದ್ದು ಮಾತ್ರ ಮೂರು ಗಂಟೆಯ ಮೇಲೆ, ಅದು ಎಲ್ಲಿ ಓಡಿತ್ತೋ ಅಲ್ಲಿಯೇ ಬಂದು ಕೇಳುತ್ತದೆ. ಬಸ್ಸು ಸದ್ದಿಲ್ಲದೆ ಬರುವುದರಿಂದ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು "ಹೋಯ್ ಹೋಯ್" ಎಂದು ಕೂಗುತ್ತಾನೆ. ಅದರ ಹಾರ್ನು ಆಮೇಲೆ ಖಾಲಿ ರಸ್ತೆಯಲ್ಲಿ ಮೊಳಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಶಾಲೆಯ ಜವಾನ ಹತ್ತರ ಗಂಟೆಯನ್ನು ಏಳಕ್ಕೇ ಬಂದು ಒತ್ತಿ ಮನೆಗೆ ಹೋಗಿ ನಾಷ್ಟಾ ಮಾಡುತ್ತಾನೆ. ಟಾಕೀಸಿನಲ್ಲಿ ಮೊದಲ ಆಟದ ಮಾತು ಎರಡನೆಯ ಆಟದ ಚಿತ್ರಕ್ಕೆ ಸರಿಯಾಗಿ ಕೂಡುತ್ತದೆ, ಹೀಗಾಗಿ ಮೊದಲ ಆಟಕ್ಕೆ ಹೋಗುವವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬೇಕಾದವರು ಮಾತ್ರ. ಇಲ್ಲಿ ಹುಟ್ಟಿದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಅಕ್ಷರ ಕಲಿಯುವ ಮೊದಲೇ ಎರಡು ಪಾಠ ಕಲಿಯುತ್ತೇವೆ. ಮಷೀನು ಬಿಟ್ಟು ಏಳುವ ಮೊದಲು ಅದರ ಮೇಲೆ ಅಂಗೈಯಿಟ್ಟು ನಡುಕ ನಿಂತಿದೆಯೇ ನೋಡಬೇಕು, ಇದು ಒಂದು. ಓಡಿಸಿದ ಹೊತ್ತನ್ನೂ ನಿಲ್ಲಿಸಿದ ಹೊತ್ತನ್ನೂ ಅಡುಗೆಮನೆಯ ಹಲಗೆಯ ಮೇಲೆ ಬಳಪದಲ್ಲಿ ಬರೆಯಬೇಕು, ಇದು ಇನ್ನೊಂದು. ಹಲಗೆಯಿಲ್ಲದ ಮನೆಯಲ್ಲಿ ಯಾವ ಸದ್ದು ಯಾವುದರದು ಎಂದು ಜಗಳ ತಪ್ಪುವುದಿಲ್ಲ.

ಆ ಬೆಳಿಗ್ಗೆ ನಾನು ಎರಡನ್ನೂ ಮಾಡಿರಲಿಲ್ಲ. ಅಕ್ಕ ಆರಕ್ಕೇ ಬನ್ನಿನ ಮಾತಾಡಲು ಹುಡುಗಿಯರ ವಸತಿ ಶಾಲೆಗೆ ಹೋಗಿದ್ದಳು. ಹೋಗುವಾಗ, ಕೊಕ್ಕೆ ಸಿಕ್ಕಿಸುವ ದಂಡದ ಸುತ್ತ ಹಳೆಯ ಹಿಟ್ಟು ಒಣಗಿದೆ, ಒರೆಸಿಡು ಎಂದಿದ್ದಳು. ಕೊಕ್ಕೆ ಬೋಗುಣಿ ಎರಡನ್ನೂ ತೆಗೆದಿಟ್ಟು, ಆರೂ ಕಾಲಿಗೆ ಮಷೀನನ್ನು ನಿಧಾನಕ್ಕೆ ಓಡಬಿಟ್ಟು, ತಿರುಗುವ ದಂಡಕ್ಕೆ ಒದ್ದೆ ಬಟ್ಟೆ ಹಿಡಿದೆ. ಒಂದು ನಿಮಿಷದಲ್ಲಿ ದಂಡ ಸ್ವಚ್ಛವಾಯಿತು. ಆಮೇಲೆಯೂ ಅದು ತಿರುಗುವುದನ್ನು ನೋಡುತ್ತ ನಿಂತೆ. ಅಷ್ಟು ವೇಗ, ಅಷ್ಟು ಮೌನ. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು, ಮೂರು ವರ್ಷದಿಂದ ಅರ್ಜಿ ಬರೆಯುತ್ತ ಮನೆಯಲ್ಲಿದ್ದವನು. ನನಗೆ ಇಂಥವನ್ನು ನೋಡಲು ಬೇಕಾದಷ್ಟು ಹೊತ್ತಿತ್ತು. ಆಗ ಶಿವಬಾಯಿ ಕೂಗಿದ್ದು.

"ಮುನ್ನೂರು ಬನ್ನು" ಎಂದು ಅಕ್ಕ ಈಗ ಬೋಗುಣಿ ನೋಡುತ್ತ ಹೇಳಿದಳು. "ನಾಕಕ್ಕ ಮುನ್ನೂರು ಬನ್ನು ಅಲ್ಲಿ ಇರಬೇಕು. ಇವತ್ತ ಹುಡುಗ್ಯಾರ ಬಾಯಿಗೆ ಹತ್ತಿದ್ರ ನಾಳಿಂದ ದಿನಾ ತಗೋತೀವಿ, ಇಲ್ಲಂದ್ರ ಸೋಮವಾರದಿಂದ ಹೊರಗಿನ ಬೇಕರಿಗೆ ಹೇಳ್ತೀವಿ ಅಂದಾರ ವಾರ್ಡನ್ ಬಾಯಾರು. ಇತ್ಲಾಗ ರವಿವಾರ ನನ್ನ ಮೈದುನ ಬರ್ತಾನ."

ಮೈದುನ ಯಾಕೆ ಬರುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನನ್ನ ಈ ಅಕ್ಕ, ನೀಲಕ್ಕ, ಗಂಡನ ಮನೆ ಬಿಟ್ಟು ಬಂದು ಏಳು ತಿಂಗಳಾಗಿತ್ತು. ಬರುವಾಗ ಎರಡು ಸೂಟ್‌ಕೇಸು ಮತ್ತು ಈ ಮಷೀನು ತಂದಿದ್ದಳು; ಅದು ಅವಳೇ ಅಲ್ಲಿ ಹೊಲಿಗೆ ಮಾಡಿ ಕೊಂಡದ್ದು. ಬಲಗೈಯ ಮಣಿಕಟ್ಟನ್ನೂ ಮುರಿದುಕೊಂಡು ತಂದಿದ್ದಳು. ಅದು ಹೇಗೆ ಮುರಿಯಿತೆಂದು ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಮೂಳೆ ಸೊಟ್ಟಗೆ ಕೂಡಿತ್ತು, ಆ ಕೈಯಲ್ಲಿ ಒಂದು ಮುಷ್ಟಿಗಿಂತ ಹೆಚ್ಚು ಹಿಟ್ಟು ನಾದಲು ಆಗುತ್ತಿರಲಿಲ್ಲ. ಕಳೆದ ತಿಂಗಳು ಮೈದುನನಿಂದ ಕಾಗದ ಬಂದಾಗ ಅವಳು ಉತ್ತರ ಬರೆದದ್ದು ನನ್ನ ಎದುರಿಗೇ. ನನ್ನ ಅನ್ನ ನಾನು ಹುಟ್ಟಿಸಿಕೊಳ್ಳುವ ಹಾಗಾದರೆ ಇಲ್ಲೇ ಇರುತ್ತೇನೆ, ಆಗದಿದ್ದರೆ ನಿಮ್ಮ ಜೊತೆ ಬರುತ್ತೇನೆ, ಬಂದು ಕೇಳಿರಿ ಎಂದು ಬರೆದಿದ್ದಳು. ತಮ್ಮನ ತಾಟಿನಲ್ಲಿ ಪಾಲು ತೆಗೆದುಕೊಂಡು ಇರುವ ಹೆಣ್ಣು ತಾನಲ್ಲ ಎಂದು ಅವಳು ತೀರ್ಮಾನಿಸಿದ್ದಳು. ಆ ತಾಟಿನಲ್ಲಿಯೂ ಇದ್ದದ್ದು ತೀರಿಹೋದ ನಮ್ಮ ಅವ್ವನ ಪಿಂಚಣಿಯ ಉಳಿಕೆ ಮಾತ್ರ.

"ನಾನು ಕೈಲೆ ನಾದ್ತೀನಿ" ಎಂದೆ.

"ನೀನು? ಎಂಟು ಕಿಲೋ ಹಿಟ್ಟು?" ಅಕ್ಕ ನನ್ನ ಕೈಗಳನ್ನು ನೋಡಿದಳು. "ನಿನ್ನ ಕೈಯಾಗ ಚಪಾತಿನ ಬೂಟಿನ ಅಟ್ಟಿ ಆಗ್ತಾವು. ಸುಮ್ನ ರಾಜೇಸಾಬ್ರನ್ನ ಕರಕೊಂಡ ಬಾ."

ರಾಜೇಸಾಬರು ನಮ್ಮ ಓಣಿಯ ತುದಿಯಲ್ಲಿರುವ ರಿಪೇರಿಯವರು. ಪಂಪು, ಹೊಲಿಗೆ ಮಷೀನು, ಫ್ಯಾನು ಎಲ್ಲವನ್ನೂ ನೋಡುತ್ತಾರೆ. ನೋಡುತ್ತಾರೆ ಎನ್ನುವುದಕ್ಕಿಂತ ಕೇಳುತ್ತಾರೆ ಎನ್ನಬೇಕು. ಅವರು ಸೈಕಲ್ಲು ನಿಲ್ಲಿಸಿ ಒಳಗೆ ಬಂದವರೇ ಮಷೀನಿನ ಹತ್ತಿರ ಹೋಗಲಿಲ್ಲ, ಹಲಗೆಯ ಹತ್ತಿರ ಹೋದರು. ಕನ್ನಡಕ ಮೇಲೆ ಸರಿಸಿ ಓದಿದರು. "ನಿನ್ನಿ ನಾಕರಿಂದ ನಾಕೂ ಹತ್ತು. ಅದರ ಸದ್ದು ನಿನ್ನಿ ಏಳಕ್ಕ ಬಂತು ಹೌದಿಲ್ಲ? ಹೆಂಗಿತ್ತು ತಂಗೀ?"

"ಎಂದಿನಂಗ ಇತ್ತು, ಸಾಬ್ರ. ಊಟಕ್ಕ ಕುಂತಾಗ ಬಂತು. ಒರಟಾಗಿ ಏನೂ ಕೇಳಲಿಲ್ಲ."

"ಆಮ್ಯಾಲ ಓಡಿಲ್ಲ?"

"ಇಲ್ಲ. ಹಲಗಿ ಮ್ಯಾಲ ಇಲ್ಲಲ್ಲ."

ಹಲಗೆಯ ಮೇಲೆ ಇಲ್ಲದ್ದು ನಡೆದಿಲ್ಲ. ನಮ್ಮ ಊರಿನಲ್ಲಿ ಮಾತು ಅಲ್ಲಿಗೆ ಮುಗಿಯುತ್ತದೆ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ರಾಜೇಸಾಬರು ಮಷೀನನ್ನು ಒಂದು ಕಡೆ ವಾಲಿಸಿ ಅದರ ಅಡಿ ನೋಡಿದರು, ಅಲ್ಲಿ ಕಡಲೆಕಾಳಿನಷ್ಟು ದೊಡ್ಡ ಕೆಂಪು ಗುಂಡಿಯೊಂದು ಹೊರಗೆ ಎದ್ದು ನಿಂತಿತ್ತು. "ಹಾ. ಇದು ಹಾರೇತಿ ನೋಡು. ತ್ರಾಸ ಆದಾಗ ಮಷೀನು ತನ್ನ ಜೀವ ತಾನ ಉಳಿಸ್ಕೊಳ್ಳಾಕ ಇದನ್ನ ಹೊರಗ ಹಾರಸ್ತೈತಿ."

"ಮತ್ತ ಒತ್ತಿಬಿಡ್ರಿ!" ಎಂದಳು ಅಕ್ಕ.

"ಹಂಗ ಒತ್ತಾಕ ಬರಂಗಿಲ್ಲವ್ವಾ. ಬರೇ ಕಾದು ಹಾರಿದ್ರ, ಆರಿದ ಮ್ಯಾಲ ಒತ್ತಿದ್ರ ಆತು. ಒಳಗ ತಂತಿಗೆ ತಂತಿ ಕೂಡಿ ಹಾರಿದ್ರ, ಒತ್ತಿದ ಕೂಡ್ಲೆ ಉಳಿದದ್ದೂ ಸುಟ್ಟು ಬೂದಿ ಆಗ್ತೈತಿ. ಹಾರುವಾಗ ಅದು ಹೆಂಗ ಅಂತು ಅನ್ನೋದು ಗೊತ್ತಾಗಬೇಕು. ಕೇಳಲಾರದ ನಾನು ಇದನ್ನ ಯಾರ ಮನ್ಯಾಗೂ ಒತ್ತಿಲ್ಲ." ಅವರು ಮಷೀನಿನ ಬೆನ್ನು ಮುಟ್ಟಿದರು, ಕಿಟಕಿಯ ಬಿಸಿಲು ನೋಡಿದರು, ಮತ್ತೆ ಹಲಗೆ ನೋಡಿದರು. "ನಿನ್ನಿ ಸಂಜಿಕ ಚಲೋ ಇತ್ತು. ಆಮ್ಯಾಲ ಓಡಿಲ್ಲ. ಓಡದ ಮಷೀನು ಕಾಯಂಗಿಲ್ಲ. ಹಂಗಾರ ನೀನು ಈಗ ಗುಂಡಿ ತಿರುವಿದಾಗ ತಂತಿ ಕೂಡೇತಿ ಅಂತ ಅರ್ಥ. ಮೋಟರ್ ಬಿಚ್ಚಬೇಕು. ಹೊಸಾ ತಂತಿ ಸುತ್ತಿಸಾಕ ಹೊರಗ ಕಳಸಬೇಕು. ಎಂಟ ದಿನ ಅನ್ನು."

ಎಂಟು ದಿನ ಎಂಬ ಮಾತನ್ನು ಅಕ್ಕ ಎಲ್ಲಿಟ್ಟುಕೊಳ್ಳಬೇಕು ಎಂದು ಹುಡುಕುತ್ತಿದ್ದಂತೆ ಕಂಡಿತು. ಆಮೇಲೆ ಬೋಗುಣಿಯ ಮೇಲೆ ತಾಟು ಮುಚ್ಚಿದಳು. "ಒಯ್ಯಿರಿ ಹಂಗಾರ" ಎಂದಳು. "ನಾನು ವಾರ್ಡನ್ ಬಾಯಾರಿಗೆ ಹೇಳಿ ಬರ್ತೀನಿ. ಹೊತ್ತಾದ ಮ್ಯಾಲ ಹೇಳಿದ್ರ ಹುಡುಗ್ಯಾರು ಹಸಗೊಂಡು ಕುಂದರ್ತಾರು."

ಸಾಬರೂ ನಾನೂ ಮಷೀನನ್ನು ಎತ್ತಿ ಹೊರಗೆ ತಂದು ಸೈಕಲ್ಲಿನ ಕ್ಯಾರಿಯರಿನ ಮೇಲಿಟ್ಟೆವು. ಅವರು ಹಗ್ಗ ಸುತ್ತತೊಡಗಿದರು. ಪಡಸಾಲೆಯ ಗೋಡೆ ಗಡಿಯಾರ ಒಂಬತ್ತು ತೋರಿಸುತ್ತ ಆರು ಹೊಡೆಯಿತು. ಅದು ಬೆಳಗಿನ ಆರು. ಆ ಹೊಡೆತಗಳನ್ನು ಎಣಿಸುತ್ತಿದ್ದಂತೆ ನನಗೆ ಇಡೀ ಲೆಕ್ಕ ಒಮ್ಮೆಗೇ ಹೊಳೆಯಿತು. ಇನ್ನು ಹದಿನೈದು ನಿಮಿಷಕ್ಕೆ ಆರೂ ಕಾಲರ ಸದ್ದು ಬರುತ್ತದೆ. ಮಷೀನಿರುವಲ್ಲಿಗಲ್ಲ, ಅದು ಓಡಿದ್ದ ಅಡುಗೆಮನೆಗೆ ಬರುತ್ತದೆ. ಅಷ್ಟರಲ್ಲಿ ಮಷೀನು ಸಾಬರ ಅಂಗಡಿ ಸೇರಿರುತ್ತದೆ, ಅಕ್ಕ ವಸತಿ ಶಾಲೆಯ ಹಾದಿಯಲ್ಲಿರುತ್ತಾಳೆ. ಮನೆಯಲ್ಲಿ ಇರುವವನು ನಾನೊಬ್ಬ. ಆ ಸದ್ದನ್ನು ನಾನೊಬ್ಬನೇ ಕೇಳುತ್ತೇನೆ, ನಾನೊಬ್ಬನೇ ಮರೆಯುತ್ತೇನೆ. ಸುಮ್ಮನಿರುವುದು ನನಗೆ ಯಾವತ್ತೂ ಕಷ್ಟವಾದದ್ದಲ್ಲ. ನನ್ನ ಬದುಕಿನಲ್ಲಿ ನಾನು ಕಲಿತ ಒಂದೇ ಕಸುಬು ಅದು. ಈಗಲೂ ಮಾಡಬೇಕಾದದ್ದು ಅಷ್ಟೇ. ಹಗ್ಗದ ತುದಿ ಹಿಡಿದು ನಿಂತರೆ ಸಾಕು.

ಅಕ್ಕ ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಳು. ಎಡಗಾಲಿನದು ಮೆಟ್ಟಿ ಬಲಗಾಲಿನದಕ್ಕೆ ಬಗ್ಗಿದಾಗ, ರೂಢಿಯಂತೆ ಬಲಗೈಯನ್ನು ಗೋಡೆಗೆ ಊರಿದಳು. ನೋವಾಯಿತೆಂದು ಕಾಣುತ್ತದೆ. ಕೈ ಹಿಂದಕ್ಕೆಳೆದುಕೊಂಡು ಎಡಗೈ ಊರಿದಳು.

"ಸಾಬ್ರ, ತಡೀರಿ" ಎಂದೆ.

ಅವರು ಹಗ್ಗ ಸುತ್ತುತ್ತಲೇ ಇದ್ದರು. ನಾನು ಅದರ ತುದಿಯನ್ನು ಬಿಟ್ಟೆ, ಹಗ್ಗ ಸಡಿಲಾಯಿತು. "ಆರೂ ಕಾಲಿಗೆ ನಾನು ಓಡಿಸಿದ್ದೆ. ಹಲಗಿ ಮ್ಯಾಲ ಬರೀಲಿಲ್ಲ."

"ಏನಂದಿ?" ಎಂದಳು ಅಕ್ಕ.

"ದಂಡ ಒರಸಾಕ ಓಡಿಸಿದ್ದೆ. ಹಾಲಿನಾಕಿ ಬಂದ್ಲು. ಕೌದಿ ಹೊಚ್ಚಿ ಹೋದೆ. ಆರಿಸಿದ್ನೋ ಇಲ್ಲೋ ನೆನಪಿಲ್ಲ."

"ಕೈ ಇಟ್ಟು ನೋಡಲಿಲ್ಲೇನೋ?"

"ಇಲ್ಲ."

ರಾಜೇಸಾಬರು ಕಿವಿಯ ಹಿಂದಿನಿಂದ ಬೀಡಿ ತೆಗೆದು, ಹಚ್ಚದೆ ಮತ್ತೆ ಅಲ್ಲೇ ಇಟ್ಟರು. "ಶಾಣ್ಯಾ ಇದ್ದೀ ತಮ್ಮಾ. ಭಾಳ ಓದಿದವರ ಮನಿ ಮಷೀನ ನನಗ ಹೆಚ್ಚ ಬರ್ತಾವು." ಆಮೇಲೆ ಅವರ ಮುಖ ಬದಲಾಯಿತು. ಅವರು ಸೈಕಲ್ಲಿನ ಸ್ಟ್ಯಾಂಡನ್ನು ಕಾಲಿನಿಂದ ಗಟ್ಟಿ ಮಾಡಿ ನನ್ನ ಕಡೆ ತಿರುಗಿದರು. "ನೀನು ಆರಿಸಿ ಹೋಗಿದ್ರ ನಾ ಹೇಳಿದ್ದ ಖರೆ, ತಂತಿ ಕೂಡೇತಿ. ಹಂಗ ಬಿಟ್ಟ ಹೋಗಿದ್ರ, ಕೌದಿ ಒಳಗ ಗಾಳಿ ಇಲ್ದ ಕಾದು ಕಾದು ಹಾರಿರಬೇಕು. ಎಷ್ಟೊತ್ತಿಗೆ ಬಂದ್ಲು ಆಕಿ?"

"ಐದ ನಿಮಿಷದಾಗ."

"ಹಂಗಾರ ನಡೀರಿ ಒಳಗ. ಐದ ನಿಮಿಷಕ್ಕ ನಿಂತ್ರ ಒಂದು, ನಿಲ್ಲಲಿಲ್ಲಂದ್ರ ಇನ್ನೊಂದು."

ಅಕ್ಕ ಚಪ್ಪಲಿ ಬಿಚ್ಚಿದಳು. ಒಂದು ಮಾತೂ ಆಡಲಿಲ್ಲ. ಅಕ್ಕ ಮಾತುಗಾತಿ, ಹಿಟ್ಟಿನ ಜೊತೆ, ಬೆಕ್ಕಿನ ಜೊತೆ, ರೇಡಿಯೋದಲ್ಲಿ ತಡವಾಗಿ ಬರುವ ವಾರ್ತೆಯ ಜೊತೆ ಕೂಡ ಮಾತಾಡುತ್ತಾಳೆ. ಅವಳು ಹೀಗೆ ಸುಮ್ಮನಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮೌನವನ್ನು ನಾನು ಅಷ್ಟು ಬಲ್ಲೆ ಅಂದುಕೊಂಡವನು, ಇದರ ಪಕ್ಕದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ.

ಮೂವರೂ ಅಡುಗೆಮನೆಯ ನೆಲದ ಮೇಲೆ ಕೂತೆವು. ಕಟ್ಟೆಯ ಮೇಲೆ ಮಷೀನಿದ್ದ ಜಾಗ ಖಾಲಿಯಿತ್ತು. ಅದರ ನಾಲ್ಕು ಕಾಲಿನ ಗುರುತುಗಳ ಸುತ್ತ ಮೈದಾದ ಪುಡಿ. ರಾಜೇಸಾಬರು ಹೆಗಲ ಮೇಲಿನ ಟವೆಲನ್ನು ತಲೆಯ ಮೇಲೆ ಹೊದ್ದುಕೊಂಡರು, ಕೇಳುವಾಗ ಅವರು ಹಾಗೆ ಮಾಡುತ್ತಾರೆ. ಒಂಬತ್ತೂ ಕಾಲಿಗೆ ಸರಿಯಾಗಿ ಆ ಖಾಲಿ ಜಾಗದಿಂದ ಮೆಲ್ಲಗೆ ಗುಂಯ್ ಎಂಬ ಸದ್ದು ಎದ್ದಿತು. ಅದರಲ್ಲಿ ನನ್ನ ಒದ್ದೆ ಬಟ್ಟೆ ದಂಡಕ್ಕೆ ತಾಗಿ ಮಷೀನು ಸ್ವಲ್ಪ ತಿಣುಕಿದ್ದೂ ಕೇಳಿತು. ಆಮೇಲೆ ಸದ್ದು ಸಮವಾಯಿತು. ಒಂದು ನಿಮಿಷ. ಎರಡು. ಬೆಳಿಗ್ಗೆ ನಾನು ಅದನ್ನು ನೋಡುತ್ತ ನಿಂತ ಆ ನಿಮಿಷಗಳು ಇವೇ. ಆಗ ನನಗೆ ಅದು ಮೌನವಾಗಿ ಕಂಡಿತ್ತು. ಅದು ಹಾಗಿರಲಿಲ್ಲ, ನಾನು ಮೂರು ಗಂಟೆ ಮುಂಚೆ ಇದ್ದೆ, ಅಷ್ಟೇ.

ಮೂರು. ನಾಲ್ಕು. ಬೆಳಗಿನಿಂದ ನಾನು ಬೇಡಿಕೊಂಡಿದ್ದದ್ದು ಒಂದೇ, ಆರಿಸಿದ್ದೆ ಎಂದಾಗಲಿ ಎಂದು. ಈಗ ಅದರ ತದ್ವಿರುದ್ಧವನ್ನು ಬೇಡಿಕೊಳ್ಳುತ್ತಿದ್ದೆ. ನಾನು ಆರಿಸದೆ ಹೋದ ಮರೆಗುಳಿಯಾಗಿರಲಿ. ತಪ್ಪು ನನ್ನದೇ ಆಗಿರಲಿ, ಪೂರ್ತಿ ನನ್ನದೇ. ಐದು. ಗೋಡೆಯ ಗಡಿಯಾರದ ಮುಳ್ಳನ್ನು ನೋಡಲಾರದೆ ಅಕ್ಕನ ಪಾದ ನೋಡುತ್ತ ಕೂತೆ. ಸದ್ದು ನಿಲ್ಲಲಿಲ್ಲ. ಆರು. ಏಳು. ಖಾಲಿ ಕಟ್ಟೆಯ ಮೇಲಿಂದ ಅದು ಹಾಗೆಯೇ ಬರುತ್ತಿತ್ತು, ಸ್ವಲ್ಪ ಮಂದವಾಗಿ, ಯಾಕೆಂದರೆ ಅಷ್ಟರಲ್ಲಿ ನಾನು ಕೌದಿ ಹೊದಿಸಿದ್ದೆ. ಹತ್ತು ನಿಮಿಷ ದಾಟಿತು.

"ಬಿಟ್ಟ ಹೋಗೀಯಲ್ಲೋ!" ಎಂದಳು ಅಕ್ಕ. ಅವಳ ದನಿ ಮೊದಲ ಸಲ ಎದ್ದಿತು. "ಖರೇನ ಬಿಟ್ಟ ಹೋಗೀಯಲ್ಲೋ, ಹುಚ್ಚಪ್ಪಾ!" ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು, ಮಣಿಕಟ್ಟು ಸೊಟ್ಟಗಿದ್ದ ಅದೇ ಕೈಯಿಂದ ನನ್ನ ಬೆನ್ನಿಗೊಂದು ಗುದ್ದಿದಳು.

"ಸುಮ್ಕಿರ್ರಿ" ಎಂದರು ರಾಜೇಸಾಬರು ಟವೆಲಿನ ಒಳಗಿನಿಂದ. "ಇನ್ನೂ ಸಾಯೂದು ಕೇಳಬೇಕು."

ಆ ಕೇಳುವಿಕೆ ಒಂದು ಗಂಟೆ ನಡೆಯಿತು. ಅಷ್ಟರಲ್ಲಿ ಅಕ್ಕ ಎದ್ದು ಉಳಿದ ಹಿಟ್ಟನ್ನು ತೂಗಿ ಮೂರು ಪಾಲು ಮಾಡಿದಳು. ನಾನು ಒಲೆಯ ತಟ್ಟೆಗಳಿಗೆ ಎಣ್ಣೆ ಸವರಿದೆ. ಮೂವರಿಗೂ ಚಹಾ ಆಯಿತು. ಸದ್ದು ಮಾತ್ರ ಮನೆಯಲ್ಲಿ ಯಾರೋ ನಿದ್ದೆ ಹೋದವರಂತೆ ಒಂದೇ ಸಮ ಉಸಿರಾಡುತ್ತಿತ್ತು. ಹತ್ತರ ಸುಮಾರಿಗೆ ಅದರ ರಾಗ ಬದಲಾಯಿತು. ಸ್ವಲ್ಪ ಇಳಿಯಿತು, ಭಾರವಾಯಿತು, ಗಂಟಲು ಕಟ್ಟಿದವರು ಹಾಡುವಂತಾಯಿತು. ಅಕ್ಕ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟಳು. ರಾಜೇಸಾಬರು ಚಹಾದ ಬಟ್ಟಲನ್ನು ದೂರ ಸರಿಸಿ ಕಟ್ಟೆಗೆ ಕಿವಿ ಹಚ್ಚಿ ನಿಂತರು. ತಂತಿ ಕೂಡಿದ್ದರೆ ಚಟಚಟ ಎನ್ನುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ನಾವು ಆ ಚಟಚಟಕ್ಕಾಗಿ ಕಾಯುತ್ತಿದ್ದೆವು, ಅದು ಬರಬಾರದೆಂದು ಕಾಯುತ್ತಿದ್ದೆವು. ಹತ್ತೂ ಇಪ್ಪತ್ತೆರಡಕ್ಕೆ ಖಾಲಿ ಕಟ್ಟೆಯ ಮೇಲೆ ಟಕ್ ಎಂದಿತು. ಬೀಗ ಬಿದ್ದಂತೆ, ಸ್ವಚ್ಛವಾಗಿ, ಒಂದೇ ಸಲ. ಆಮೇಲೆ ಒಳಗಿನ ಚಕ್ರಗಳು ತಾವಾಗಿ ನಿಧಾನಗೊಂಡು ನಿಂತ ಸದ್ದು. ಆಮೇಲೆ ಏನೂ ಇಲ್ಲ.

ರಾಜೇಸಾಬರು ತಲೆಯ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. "ಸುಟ್ಟಿಲ್ಲ" ಎಂದರು. "ಬರೇ ಕಾದು ಮಲಗೇತಿ. ಏಳೂ ಇಪ್ಪತ್ತೆರಡಕ್ಕ ಮಲಗೇತಿ, ಈಗ ಆರಿ ತಣ್ಣಗಾಗೇತಿ. ತರ್ರಿ ಅದನ್ನ."

ನಾವು ಮಷೀನನ್ನು ಹೊರಗಿನಿಂದ ತಂದು ಅದರ ಜಾಗದಲ್ಲಿಟ್ಟೆವು. ಅವರು ಅದನ್ನು ವಾಲಿಸಿ ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿದರು. ಅದು ಒಳಗೇ ನಿಂತಿತು. ಅಕ್ಕ ಬೋಗುಣಿಯಿಟ್ಟು, ಕೊಕ್ಕೆ ಸಿಕ್ಕಿಸಿ, ಗುಂಡಿಯನ್ನು ಎಡಕ್ಕೆ ತಿರುಗಿಸಿ, ಬಿಸ್ಮಿಲ್ಲಾ ಎಂದು ಸಾಬರು ಅನ್ನುವುದಕ್ಕೂ ಯವ್ವಾ ತಾಯಿ ಎಂದು ತಾನು ಅನ್ನುವುದಕ್ಕೂ ಸರಿಯಾಗಿ ಬಲಕ್ಕೆ ತಿರುಗಿಸಿದಳು. ಕೊಕ್ಕೆ ಅಲ್ಲಾಡಿತು. ಮೈದಾದ ಗುಡ್ಡ ಕುಸಿಯಿತು. ಹಾಲು ಮೇಲೆದ್ದು, ಒಣ ಹಿಟ್ಟು ಒಳಗೆ ಹೋಗಿ, ನೋಡುನೋಡುತ್ತಿದ್ದಂತೆ ಎಲ್ಲವೂ ಒಂದು ಮುದ್ದೆಯಾಗಿ ಬೋಗುಣಿಯ ಗೋಡೆ ಬಿಟ್ಟು ಕೊಕ್ಕೆಯನ್ನು ಅಪ್ಪಿಕೊಂಡು ತಿರುಗತೊಡಗಿತು. ಒಂದಿಷ್ಟೂ ಸದ್ದಿಲ್ಲ. ಅಕ್ಕ ಅಂಗೈಯನ್ನು ಮಷೀನಿನ ಬೆನ್ನಿನ ಮೇಲಿಟ್ಟಳು. ಆಮೇಲೆ ನನ್ನ ಕೈ ಎಳೆದು ಅದರ ಪಕ್ಕದಲ್ಲಿಟ್ಟಳು. ಒಳಗೆ ಅದು ನಡುಗುತ್ತಿತ್ತು, ಸಣ್ಣಗೆ, ಎಡೆಬಿಡದೆ. ನಾನು ಅಲ್ಲೇ ಅಕ್ಕಿಯ ಡಬ್ಬದ ಮೇಲೆ ಕೂತುಬಿಟ್ಟೆ.

"ಬರಿಯೋ ಹಲಗಿ ಮ್ಯಾಲ" ಎಂದಳು ಅಕ್ಕ. "ಹತ್ತೂವರಿ ಅಂತ ಬರಿ. ಬರಿಯಾಕರ ಬರ್ತೈತಿಲ್ಲ ನಿನಗ?"

ಬರೆದೆ. ಅದರ ಮೇಲೆ, ಜಾಗ ಮಾಡಿಕೊಂಡು, ಆರೂ ಕಾಲು ಎಂದೂ ಬರೆದೆ. ರಾಜೇಸಾಬರು ಹೊರಡುವಾಗ ಅಕ್ಕ ಹಣದ ಮಾತೆತ್ತಿದರೆ, ಕೇಳಿದ್ದಕ್ಕೆಲ್ಲ ತೆಗೆದುಕೊಳ್ಳಲು ಹೋದರೆ ಈ ಊರಲ್ಲಿ ಬದುಕುವುದು ಹೇಗೆ ಎಂದು ನಕ್ಕು, ಸಂಜೆ ನಾಲ್ಕು ಬನ್ನು ಕಳಿಸಲು ಹೇಳಿ ಹೋದರು.

ಮಧ್ಯಾಹ್ನ ಒಂದೂವರೆಗೆ ನಾವು ಬನ್ನು ಉಂಡೆ ಮಾಡುತ್ತ ಕೂತಿದ್ದಾಗ ಮೊದಲ ನಾದುವಿಕೆಯ ಸದ್ದು ಬಂತು. ತುಂಬಿದ ಬೋಗುಣಿಯ ಸದ್ದು, ಗಟ್ಟಿಯಾಗಿ, ಆರೋಗ್ಯವಾಗಿ. ಅಕ್ಕ ಉಂಡೆ ಹಿಡಿದುಕೊಂಡೇ ತಲೆದೂಗಿದಳು. ಮೂರೂ ಮುಕ್ಕಾಲಿಗೆ ಬುಟ್ಟಿಗಳನ್ನು ಕೈಗಾಡಿಯಲ್ಲಿಟ್ಟು ವಸತಿ ಶಾಲೆಗೆ ತಳ್ಳಿಕೊಂಡು ಹೋದವನು ನಾನು. ಎರಡು ಜಡೆಯ ಒಬ್ಬ ಹುಡುಗಿ ಸಾಲಿನಲ್ಲಿ ಎರಡನೆಯ ಸಲ ಬಂದು ನಿಂತದ್ದನ್ನು ಕಂಡೂ ವಾರ್ಡನ್ ಬಾಯಿಯವರು ಕಾಣದಂತೆ ಬೇರೆ ಕಡೆ ನೋಡಿದರು. ಆಮೇಲೆ ನನ್ನನ್ನು ಕರೆದು, "ನಾಳಿಂದ ಮುನ್ನೂರ ಇಪ್ಪತ್ತ ಇರ್ಲಿ ಅಂತ ನಿಮ್ಮ ಅಕ್ಕಾರಿಗೆ ಹೇಳ್ರಿ" ಎಂದರು. ಖಾಲಿ ಗಾಡಿಯನ್ನು ನಾನು ಓಡಿಸಿಕೊಂಡೇ ಬಂದೆ. ದಾರಿಯಲ್ಲಿ ಮಧ್ಯಾಹ್ನದ ಬಸ್ಸಿನ ಹಾರ್ನು ಬೆನ್ನ ಹಿಂದೆ ಮೊಳಗಿದಾಗ, ಇಲ್ಲೇ ಹುಟ್ಟಿ ಬೆಳೆದವನು ನಾನು, ಹೊರಗಿನವರ ಹಾಗೆ ದಾರಿ ಬಿಟ್ಟು ನಿಂತೆ.

ರವಿವಾರ ಮೈದುನ ಬಂದ. ಅಕ್ಕ ಅವನಿಗೆ ಊಟಕ್ಕೆ ಬಡಿಸಿ, ನಾನು ಇಲ್ಲೇ ಇರ್ತೀನಿ ಎಂದು ಮೂರೇ ಪದದಲ್ಲಿ ಹೇಳಿದಳು. ಅವನು ಏನೇನೋ ಹೇಳಿದ. ಅವಳು ಕೇಳಿಸಿಕೊಂಡು ಇನ್ನಷ್ಟು ಸಾರು ಬಡಿಸಿದಳು. ಅವನು ಸಂಜೆಯ ಬಸ್ಸಿಗೆ ಒಬ್ಬನೇ ಹೋದ.

ಆ ದಿನದ ಕತೆಯನ್ನು ಅಕ್ಕ ಈಗ ಎಲ್ಲರಿಗೂ ಹೇಳುತ್ತಾಳೆ. ಅವಳು ಹೇಳುವ ಕತೆಯಲ್ಲಿ ನಾನು ಮಷೀನು ಆರಿಸಲು ಮರೆಯುವ ದಡ್ಡ. ಆದರೆ ಹಗ್ಗ ಸುತ್ತತೊಡಗಿದ ಮೇಲೂ ಬಾಯಿಬಿಟ್ಟು ನಿಜ ಹೇಳಿ ಅವಳ ಅನ್ನ ಉಳಿಸಿದವನು. ಕೇಳಿದವರು ನನ್ನ ಕಡೆ ನೋಡಿ ನಗುತ್ತಾರೆ, ನಾನೂ ನಗುತ್ತೇನೆ. ಅವಳು ಹೇಳುವುದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಎಂಟೂವರೆಗೆ ಅವಳು ಒಳಗಿನಿಂದ "ತಿರಗವಲ್ದು" ಎಂದು ಕೂಗಿದಾಗ, ಇನ್ನು ಇವಳು ಹೋಗುತ್ತಾಳೆ, ಮನೆ ಮತ್ತೆ ಮೊದಲಿನಂತೆ ನಿಶ್ಶಬ್ದವಾಗುತ್ತದೆ ಎಂದು ಒಂದು ಕ್ಷಣ ನನಗೆ ಹಾಯೆನಿಸಿತ್ತು. ಅದನ್ನು ನಾನು ಅವಳಿಗೆ ಯಾವತ್ತೂ ಹೇಳಲಿಲ್ಲ.